ಕೊಸರು ಮೊದಲಾ, ಅಳತೆ ಮೊದಲಾ?

2024ರ ಸಂಕ್ರಾಂತಿಯ ಹಿಂದಿನ ರಾತ್ರಿ. ಹೆಂಡತಿ ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಾ ಕೂತಿದ್ದಳು. ನಾನು ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎಕ್ಸೆಲ್ ಹಾಳೆಯೊಂದನ್ನು ತುಂಬುತ್ತಿದ್ದೆ. ನಾಲ್ಕೇ ಕಾಲಂ: ಅಂಗಡಿ, ಮಾಡಿಕೊಟ್ಟ ಕೆಲಸ, ಹಿಡಿದ ಗಂಟೆ, ಬಂದ ಹಣ. ಒಂಬತ್ತು ಸಾಲು. ಗಂಟೆಗಳನ್ನು ಕೂಡಿಸಿದರೆ 212.

ಅವಳು ಕೈ ಒರೆಸಿಕೊಳ್ಳುತ್ತಾ ಬಂದು ಪರದೆಯತ್ತ ಬಗ್ಗಿದಳು. "ಏನ್ರೀ, ಕೊನೇ ಕಾಲಂ ಇನ್ನೂ ತುಂಬಿಲ್ವಾ?"

"ತುಂಬಿದ್ದೀನಿ," ಅಂದೆ.

ಎಂಟು ಸೊನ್ನೆ. ಒಂದು ಕಡೆ ಮಾತ್ರ 1,500. ಅವಳು ಮಾತಾಡಲಿಲ್ಲ, ಮತ್ತೆ ಕೊಬ್ಬರಿ ಹೆಚ್ಚಲು ಹೋದಳು. ಮನೆಸಾಲದ ಕಂತು ಪ್ರತಿ ತಿಂಗಳು ಐದನೇ ತಾರೀಖು 38,400 ಹೋಗುತ್ತದೆ. ಅದು ಇಬ್ಬರಿಗೂ ಗೊತ್ತಿದ್ದ ವಿಷಯ.

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಓದುತ್ತಿರುವ ಹಲವರದೂ ಹೀಗೇ ಇರಬಹುದು. ತುಮಕೂರಿನ ಕಡೆಯವನು ನಾನು. ಎಂಸಿಎ ಮುಗಿಸಿ ಪುಣೆಗೆ ಬಂದು ಹಿಂಜೇವಾಡಿಯಲ್ಲಿ 14 ವರ್ಷ ದುಡಿದೆ. 2023ರ ಆರಂಭದಲ್ಲಿ ಕಂಪನಿ ಕೆಲವರನ್ನು ಕಳಿಸಿತು, ಅದರಲ್ಲಿ ನಾನೂ ಒಬ್ಬ. ಕೈಗೆ ನಾಲ್ಕು ತಿಂಗಳ ಸಂಬಳ ಬಂತು. ಮತ್ತೆ ರೆಸ್ಯೂಮೆ ಹಿಡಿದು ಓಡುವ ಬದಲು ಸ್ವಂತದ್ದೇನಾದರೂ ಮಾಡೋಣ ಅನಿಸಿತು. ವಾಕಡ್, ಪಿಂಪಳೆ ಸೌದಾಗರ್ ಸುತ್ತಮುತ್ತಲ ಸಣ್ಣ ಅಂಗಡಿಗಳಿಗೆ ಗೂಗಲ್ ಮ್ಯಾಪಿನಲ್ಲಿ ಸರಿಯಾದ ವಿಳಾಸ, ವಾಟ್ಸಾಪ್‌ನಲ್ಲಿ ಸಾಮಾನಿನ ಪಟ್ಟಿ, ಒಂದು ಚಿಕ್ಕ ವೆಬ್‌ಸೈಟ್, ಬಿಲ್ಲಿಂಗ್ ಸಾಫ್ಟ್‌ವೇರ್, ಸ್ಟಾಕ್ ಲೆಕ್ಕ, ಇವನ್ನೆಲ್ಲ ಕೂರಿಸಿಕೊಡುವ ಕೆಲಸ. ಇವುಗಳಲ್ಲಿ ಅರ್ಧದಷ್ಟು ಸಲಕರಣೆಗಳು ಹೇಗೂ ಪುಕ್ಕಟೆ ಸಿಗುತ್ತವೆ. ನಾನು ಮಾರುವುದು ನನ್ನ ಸಮಯವನ್ನು.

ಹೊಸಬನನ್ನು ಯಾರು ನಂಬುತ್ತಾರೆ? "ಮೊದಲು ಫ್ರೀಯಾಗಿ ಮಾಡಿಕೊಡು, ರುಚಿ ಹತ್ತಿದ ಮೇಲೆ ತಾವಾಗಿಯೇ ಬರ್ತಾರೆ" ಎಂದು ನನಗೆ ಹೇಳದವರೇ ಇಲ್ಲ. ನಾನೂ ನಂಬಿದೆ.

ಮೊದಲ ಪಾಠ ಸಿಕ್ಕಿದ್ದು ಒಂದು ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ. ಪೂರ್ತಿ ಉಚಿತ ಎಂದು ನಾನು ಹೇಳಿ ಮುಗಿಸುವ ಮೊದಲೇ ಗಲ್ಲಾದಲ್ಲಿದ್ದವರು ಮೊಬೈಲನ್ನು ಮಗುಚಿ ಇಟ್ಟರು. "ಓಟಿಪಿ ಏನಾದ್ರೂ ಕೇಳ್ತೀರಾ?" ಎಂದು ಮರಾಠಿಯಲ್ಲಿ ಕೇಳಿದರು. ಇಲ್ಲ ಅಂದೆ. "ಹಾಗಾದರೆ ನಿಮಗೇನು ಲಾಭ?" ಎಂದರು. ಅದಕ್ಕೆ ನನ್ನ ಹತ್ತಿರ ನೆಟ್ಟಗಿನ ಉತ್ತರವೇ ಇರಲಿಲ್ಲ. ಯಾರೋ ಅಪರಿಚಿತ ಬಂದು ಬಿಟ್ಟಿ ಕೊಡುತ್ತೇನೆ ಅಂದರೆ ಬ್ಯಾಂಕ್ ಖಾತೆ ಬರಿದಾಗುತ್ತದೆಂದು ಟಿವಿಯಲ್ಲಿ ದಿನವೂ ಕೇಳುವ ಕಾಲ ಇದು. ಅವರ ಅನುಮಾನ ತಪ್ಪೆಂದು ನನಗೆ ಅವತ್ತೂ ಅನಿಸಲಿಲ್ಲ.

ಅನುಮಾನ ಪಡದೆ ಒಪ್ಪಿಕೊಂಡ ಒಂಬತ್ತು ಜನರ ಕಥೆ ಇನ್ನೊಂದು. ಅದರಲ್ಲಿ ಹೇಳಲೇಬೇಕಾದ್ದು ಒಂದು ಬಟ್ಟೆ ಅಂಗಡಿಯದು. ಟವೆಲ್, ಬನಿಯನ್, ಲುಂಗಿ, ಮಕ್ಕಳ ಸ್ವೆಟರ್ ಎಲ್ಲ ಸೇರಿ 1,400ಕ್ಕೂ ಹೆಚ್ಚು ಐಟಂ. ಮೂರು ವಾರ, ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಹೋಗಿ, ಒಂದೊಂದನ್ನೂ ಸ್ಟಾಕಿಗೆ ಟೈಪ್ ಮಾಡಿ ಸೇರಿಸಿದೆ. ಮಾಲೀಕರು ಒಳ್ಳೆಯವರು. ದಿನಾ ಚಹಾ ತರಿಸುತ್ತಿದ್ದರು. 2023ರ ದೀಪಾವಳಿಯ ಹಿಂದಿನ ರಾತ್ರಿ ಹತ್ತೂವರೆಗೆ ಅವರ ಫೋನ್ ಬಂತು, ಬಿಲ್ ಪ್ರಿಂಟರ್ ಕೈಕೊಟ್ಟಿದೆ, ಅಂಗಡಿ ತುಂಬ ಗಿರಾಕಿ ಅಂತ. ಹೋಗಿ ಸರಿಮಾಡಿ ಬಂದೆ. ವಾರ ಬಿಟ್ಟು ಮೆತ್ತಗೆ ಕೇಳಿದೆ: ಇನ್ನು ಮೇಲೆ ವರ್ಷಕ್ಕೆ 12,000 ಕೊಟ್ಟರೆ ಇದನ್ನೆಲ್ಲ ನಾನೇ ನೋಡಿಕೊಳ್ಳುತ್ತೇನೆ.

ಅವರಿಗೆ ಸಿಟ್ಟು ಬರಲಿಲ್ಲ. ಆಶ್ಚರ್ಯವಾಯಿತು. ನಿಜವಾದ ಆಶ್ಚರ್ಯ. "ಆದರೆ ಸಾರ್, ನೀವು ಇದನ್ನ ಫ್ರೀ ಮಾಡ್ತೀರಲ್ಲ?"

ಆ ಮುಖವನ್ನು ನಾನು ಎಷ್ಟು ದಿನ ನೆನೆದೆನೋ. ಅವರು ಮೋಸಗಾರರಲ್ಲ. ನನ್ನ ಕೆಲಸಕ್ಕೆ ಬೆಲೆ ಎಷ್ಟೆಂದು ಅವರಿಗೆ ಮೊದಲ ದಿನ ಹೇಳಿದವನು ನಾನೇ. ಸೊನ್ನೆ ಅಂದಿದ್ದೆ. ಸೊನ್ನೆಯಿಂದ 12,000 ಅಂದರೆ ಅವರ ಲೆಕ್ಕಕ್ಕೆ ಬೆಲೆ ಏರಿಕೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ನನ್ನ ಮೇಲಿನ ಪ್ರೀತಿಯಿಂದ ಅವರು ತಮ್ಮ ಭಾವಮೈದುನನಿಗೂ ಪಕ್ಕದ ಚಪ್ಪಲಿ ಅಂಗಡಿಗೂ ನನ್ನ ನಂಬರ್ ಕೊಟ್ಟಿದ್ದರು. "ಒಬ್ಬರಿದ್ದಾರೆ, ಫ್ರೀಯಾಗಿ ಮಾಡಿಕೊಡ್ತಾರೆ" ಅಂತ. ಬಾಯಿಂದ ಬಾಯಿಗೆ ಹರಡುವ ಪ್ರಚಾರವೇ ದೊಡ್ಡದು ಎನ್ನುತ್ತಾರಲ್ಲ, ನಿಜ. ಹರಡಿದ್ದು ನನ್ನ ಕೆಲಸದ ಸುದ್ದಿಯಲ್ಲ, ನನ್ನ ರೇಟಿನ ಸುದ್ದಿ. ಬಿಟ್ಟಿ ಗಿರಾಕಿಯ ಹಿಂದೆ ಬರುವವನೂ ಬಿಟ್ಟಿ ಗಿರಾಕಿಯೇ.

ಪುಣೆಯವರು ನಗುತ್ತಾ ಒಂದು ಮಾತು ಹೇಳುತ್ತಾರೆ, "ಫುಕಟ್ ತೇ ಪೌಷ್ಟಿಕ್" ಅಂತ. ಪುಕ್ಕಟೆ ಸಿಕ್ಕಿದ್ದೇ ಪುಷ್ಟಿ. ನಮ್ಮ ಕಡೆ ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುತ್ತೇವೆ. ಇದರಲ್ಲಿ ಎರಡು ಊರಿನವರಿಗೂ ಭೇದವಿಲ್ಲ.

ಸಂಕ್ರಾಂತಿಯ ಮಾರನೇ ವಾರ ನಮ್ಮ ಏರಿಯಾದ ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಾ ಅಲ್ಲಿನ ಯಜಮಾನರ ಹತ್ತಿರ ಈ ಗೋಳು ತೋಡಿಕೊಂಡೆ. ಕುಂದಾಪುರದ ಕಡೆಯವರು, ಮೂವತ್ತು ವರ್ಷದಿಂದ ಇಲ್ಲಿದ್ದಾರೆ. ನಾನು ಮಾತಾಡುತ್ತಿರುವಾಗಲೇ ಹುಡುಗ ಎರಡನೇ ಸಲ ಸಾಂಬಾರು ಹಾಕಿ ಹೋದ. "ನೀವೂ ಬಿಟ್ಟಿ ಕೊಡ್ತೀರಲ್ಲ," ಎಂದು ಬಟ್ಟಲು ತೋರಿಸಿದೆ. ಅವರು ನಕ್ಕರು. "ಎಂತ ಮಾರಾಯ್ರೆ, ಇಡ್ಲಿಗೆ ದುಡ್ಡು ತಕೊಂಡ ಮೇಲೆ ಸಾಂಬಾರು ಎಷ್ಟು ಸಲ ಕೇಳಿದ್ರೂ ಹಾಕುದು. ಇಡ್ಲಿಯನ್ನೇ ಬಿಟ್ಟಿ ಕೊಟ್ರೆ ಮತ್ತೆ ಸಾಂಬಾರು ಯಾವುದರ ಮೇಲೆ ಹಾಕುದು?"

ಮನೆಗೆ ನಡೆಯುವಾಗ ನನಗೆ ಅಮ್ಮ ನೆನಪಾದಳು. ಊರಿನ ಸಂತೆಯಲ್ಲಿ ಅವಳ ಜೊತೆ ಚೀಲ ಹಿಡಿದು ಹೋಗುತ್ತಿದ್ದೆ. ಬೀನ್ಸಿಗೆ ಬೆಲೆ ಕೇಳುವುದು, ಚೌಕಾಸಿ ಮಾಡುವುದು, ತಕ್ಕಡಿ ಸಮವಾಗುವ ತನಕ ಕಣ್ಣು ಕೀಳದೆ ನೋಡುವುದು. ಅದೆಲ್ಲ ಆದ ಮೇಲೆ ಚೀಲ ಅಗಲಿಸಿ, "ಕೊಸರು ಹಾಕಪ್ಪ" ಅನ್ನುತ್ತಿದ್ದಳು. ಅವನು ಗೊಣಗುತ್ತಲೇ ಒಂದು ಹಿಡಿ ಎಸೆಯುತ್ತಿದ್ದ. ಹೂವಿನವಳಾದರೆ ಮೊಳ ಅಳೆದು ಕತ್ತರಿಸುವ ಮುನ್ನ ನಾಲ್ಕು ಬೆರಳು ಮುಂದಕ್ಕೆ ಸರಿಸುತ್ತಿದ್ದಳು. ಕೊಸರು ಯಾವತ್ತೂ ಅಳತೆಗೆ ಮೊದಲು ಬಂದಿದ್ದಿಲ್ಲ. ಬೆಲೆ ನಿಗದಿಯಾಗಿ, ತೂಕ ಆಗಿ, ಆಮೇಲೆ. ಆ ಒಂದು ಹಿಡಿಗಾಗಿಯೇ ಅಮ್ಮ ಅದೇ ಅಂಗಡಿಗೆ ಹೋಗುತ್ತಿದ್ದಳು. ಬೆಳಗಿನ ಬೋಣಿಯ ಹೊತ್ತಿನಲ್ಲಂತೂ ಅದೇ ವ್ಯಾಪಾರಿ ಸಾಲವನ್ನೂ ಕೊಡುತ್ತಿರಲಿಲ್ಲ. ಮೊದಲ ಕಾಸು ಕೈಗೆ ಬರಲೇಬೇಕು.

ನಾನು ಮಾಡಿದ್ದೇನು? ಇಡೀ ತಕ್ಕಡಿಯನ್ನೇ ಚೀಲಕ್ಕೆ ಸುರಿದು, ವಾರ ಬಿಟ್ಟು ಬೆಲೆ ಹೇಳಲು ಹೋಗಿದ್ದೆ.

ಹಾಗಾದರೆ ದೊಡ್ಡವರು ಕೊಡುತ್ತಾರಲ್ಲ? ನನ್ನ ತಲೆಯಲ್ಲಿ ಇದ್ದ ಉದಾಹರಣೆಗಳೆಲ್ಲ ಅವರವೇ. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದಾಗ ಡೇಟಾ, ಕರೆ ಎಲ್ಲ ಪುಕ್ಕಟೆ. ನಾವೆಲ್ಲ ಸಿಮ್‌ಗಾಗಿ ಸಾಲು ನಿಂತವರೇ. ಡಿಸೆಂಬರ್ 31ರ ತನಕ ಅಂದಿದ್ದನ್ನು 2017ರ ಮಾರ್ಚ್ 31ಕ್ಕೆ ಎಳೆದರು. ಆಮೇಲೆ ದುಡ್ಡು ಕೇಳಿದರು, ನಾವು ಕೊಟ್ಟೆವು. ಅಲ್ಲಿ ಎರಡು ವಿಷಯ ನಾನು ಗಮನಿಸಿರಲಿಲ್ಲ. ಒಂದು, ಕೊನೆಯ ತಾರೀಖು ಮೊದಲೇ ಗೊತ್ತಿತ್ತು. ಮುಂದಕ್ಕೆ ಹಾಕಿದರೂ ತಾರೀಖು ಅಂತ ಒಂದಿತ್ತು. ಎರಡು, ಅವರ ಬೆನ್ನಿಗಿದ್ದ ಬಂಡವಾಳ. ಏಳು ತಿಂಗಳು ದೇಶಕ್ಕೆಲ್ಲ ಬಿಟ್ಟಿ ಹಂಚಿ ಉಸಿರಾಡುವ ತಾಕತ್ತು ಕಂತು ಕಟ್ಟುವವನಿಗೆ ಇರುವುದಿಲ್ಲ.

ಇದಕ್ಕಿಂತ ಹಳೆಯ, ನನಗೆ ಹೆಚ್ಚು ಇಷ್ಟವಾದ ಉದಾಹರಣೆ ಚಹಾದ್ದು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ನಮ್ಮ ದೇಶದ ಬಹುತೇಕ ಮನೆಗಳಲ್ಲಿ ಚಹಾ ಕುಡಿಯುವ ಅಭ್ಯಾಸವೇ ಇರಲಿಲ್ಲ, ಬೆಳೆದದ್ದು ಹಡಗು ಹತ್ತುತ್ತಿತ್ತು. 1903ರಲ್ಲಿ ರಫ್ತಾಗುವ ಚಹಾದ ಮೇಲೆ ಒಂದು ಸೆಸ್ ಹಾಕಿ, ಆ ಹಣದಿಂದ ಪ್ರಚಾರಕ್ಕೊಂದು ಸಮಿತಿ ಮಾಡಿದರು. 1930ರ ದಶಕದಲ್ಲಿ, ವಿದೇಶದಲ್ಲಿ ಬೆಲೆ ಬಿದ್ದ ಮೇಲೆ, ಪ್ರಚಾರ ಜೋರಾಯಿತು. ಅವರ ಜನ ಸಂತೆಗೆ, ಜಾತ್ರೆಗೆ, ಮನೆ ಬಾಗಿಲಿಗೆ ಬಂದು ಚಹಾ ಮಾಡುವ ಬಗೆ ತೋರಿಸಿ ಬಿಸಿಬಿಸಿ ಲೋಟ ಕೈಗೆ ಕೊಡುತ್ತಿದ್ದರು. ಬಿಟ್ಟಿ ಕೊಡುತ್ತಿದ್ದದ್ದು ಆ ಒಂದು ಲೋಟ. ನಾಳೆಯ ಚಹಾಕ್ಕೆ ಪುಡಿಯ ಪೊಟ್ಟಣ ದುಡ್ಡು ಕೊಟ್ಟು ತರಬೇಕು. ಬಟ್ಟೆ ಅಂಗಡಿಯಲ್ಲಿ ನಾನು ಲೋಟದ ಬದಲು ಒಂದು ವರ್ಷದ ಪುಡಿಯನ್ನೇ ಇಳಿಸಿ ಬಂದಿದ್ದೆ. ಅದೂ ಸೆಸ್ ಕಟ್ಟುವವರು ಯಾರೂ ಇಲ್ಲದೆ.

ನಮ್ಮ ಬೆಂಗಳೂರಿನದೇ ಝೆರೋಧಾ ನೋಡಿ. ಕಾಮತ್ ಸಹೋದರರು 2010ರಲ್ಲಿ ಶುರು ಮಾಡಿದ್ದು. 2015ರ ಡಿಸೆಂಬರಿನಲ್ಲಿ ಶೇರು ಕೊಂಡು ಇಟ್ಟುಕೊಳ್ಳುವವರಿಗೆ ಬ್ರೋಕರೇಜ್ ಸೊನ್ನೆ ಮಾಡಿದರು. ದಿನದ ವಹಿವಾಟು, ಫ್ಯೂಚರ್ಸ್, ಆಪ್ಷನ್ಸ್ ಮಾಡುವವರು ಕೊಡುವ ಶುಲ್ಕದಿಂದ ಮನೆ ನಡೆಯುತ್ತದೆ. ಜೊತೆಗೆ ಶೇರು ಮಾರುಕಟ್ಟೆಯ ಪಾಠಗಳನ್ನು ವಾರ್ಸಿಟಿ ಎಂಬ ಹೆಸರಿನಲ್ಲಿ ಯಾರು ಬೇಕಾದರೂ ಓದುವಂತೆ ಪುಕ್ಕಟೆ ಇಟ್ಟಿದ್ದಾರೆ. ಒಂದು ಸಲ ಬರೆದ ಪಾಠವನ್ನು ಲಕ್ಷ ಜನ ಓದಿದರೂ ಬರೆದವನ ಬೆವರು ಹೆಚ್ಚಾಗುವುದಿಲ್ಲ. ಸಾಫ್ಟ್‌ವೇರಿನವರಾದ ನಮಗೆ ಇದು ಎಷ್ಟು ರೂಢಿಯಾಗಿದೆ ಎಂದರೆ ಎಲ್ಲವೂ ಹೀಗೇ ಎಂದುಕೊಳ್ಳುತ್ತೇವೆ. ನನ್ನ ಮಂಗಳವಾರದ ಸಂಜೆಯನ್ನು ಕಾಪಿ-ಪೇಸ್ಟ್ ಮಾಡಲು ಬರುವುದಿಲ್ಲ. ಒಬ್ಬರಿಗೆ ಕೊಟ್ಟರೆ ಮುಗಿಯಿತು.

ಈ ನಡುವೆ ಕಾನೂನಿನ ಒಂದೆರಡು ಮಾತು. ಮನೆಯಿಂದಲೇ ಚಟ್ನಿಪುಡಿ, ಸೀರೆ, ಸೋಪು ಮಾರುವವರು ಓದುಗರಲ್ಲಿ ಬಹಳ ಇದ್ದೀರಿ. ನೀವು ಜಿಎಸ್‌ಟಿ ನೋಂದಣಿ ಮಾಡಿಸಿಕೊಂಡು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯುತ್ತಿದ್ದರೆ, ಸ್ಯಾಂಪಲ್ ಎಂದು ಬಿಟ್ಟಿ ಹಂಚಿದ ಸರಕಿನ ಮೇಲಿನ ಕ್ರೆಡಿಟ್ ಸಿಗುವುದಿಲ್ಲ. ಸಿಜಿಎಸ್‌ಟಿ ಕಾಯ್ದೆಯ 17(5) ಕಲಮಿನಲ್ಲಿ ಉಚಿತ ಸ್ಯಾಂಪಲ್ ಎಂದು ಹೆಸರು ಹಿಡಿದೇ ಹೇಳಿದೆ. ಅಂದರೆ ಸ್ಯಾಂಪಲ್ಲಿಗೆ ಸಾಮಗ್ರಿಯ ಖರ್ಚಿನ ಮೇಲೆ ತೆರಿಗೆಯೂ ನಿಮ್ಮದೇ. ಆನ್‌ಲೈನ್‌ನಲ್ಲಿ "ಮೊದಲ ತಿಂಗಳು ಫ್ರೀ" ಎಂದು ತರಗತಿ ನಡೆಸುವವರು, ಫ್ರೀ ತಿಂಗಳಿಗೇ ಕಾರ್ಡ್ ವಿವರ ಕಡ್ಡಾಯ ಕೇಳಬೇಡಿ. 2023ರ ನವೆಂಬರಿನಲ್ಲಿ ಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ಅದನ್ನು ಚಂದಾ ಬಲೆ ಎಂದು ಗುರುತಿಸುತ್ತದೆ. ಇನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ "ಸೇವೆ" ಎಂಬುದರ ಅರ್ಥವಿವರಣೆಯಿಂದ ಪುಕ್ಕಟೆ ಮಾಡಿಕೊಟ್ಟ ಸೇವೆಯನ್ನು ಹೊರಗಿಟ್ಟಿದ್ದಾರೆ. ಇದನ್ನು ಓದಿದಾಗ ನನಗೆ ನಗು ಬಂತು. 212 ಗಂಟೆ ನಾನು ಮಾಡಿದ್ದು ಆ ಕಾಯ್ದೆಯ ಪ್ರಕಾರವೂ ಸೇವೆಯಲ್ಲ.

ಬಿಟ್ಟಿ ಕೊಡುವುದನ್ನು ನಾನು ಪೂರ್ತಿ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಹೊಸಬರ ಬಾಗಿಲು ತೆರೆಯುವುದೇ ಇಲ್ಲ, ಅದೂ ನಿಜ. ಬದಲಿಸಿದ್ದು ಕ್ರಮವನ್ನು. ಈಗ ಅಂಗಡಿಗೆ ಹೋದರೆ ಮೊದಲ ಎರಡು ನಿಮಿಷದಲ್ಲೇ ರೇಟು ಹೇಳುತ್ತೇನೆ. ಕೈಗೊಂದು ಹಾಳೆ ಕೊಡುತ್ತೇನೆ, ಅದರ ಹಿಂಬದಿಯಲ್ಲಿ ಯಾವ ಕೆಲಸಕ್ಕೆ ಎಷ್ಟು ಎಂದು ಅಚ್ಚಾಗಿದೆ. ಆಮೇಲೆ ನಲವತ್ತು ನಿಮಿಷ ಅಲ್ಲೇ ಕೂತು ಅವರ ಮ್ಯಾಪ್, ಬಿಲ್ಲು, ಸ್ಟಾಕ್ ನೋಡಿ, ಎಡವಟ್ಟಾಗಿರುವ ಮೂರು ವಿಷಯಗಳನ್ನು ಮುಂಬದಿಯಲ್ಲಿ ಬರೆಯುತ್ತೇನೆ. ಮೂರರಲ್ಲಿ ಚಿಕ್ಕದೊಂದನ್ನು ಅವರ ಕಣ್ಣೆದುರೇ ಸರಿಮಾಡುತ್ತೇನೆ. ಬಹಳ ಕಡೆ ಅದು ಗೂಗಲ್‌ನಲ್ಲಿರುವ ತಪ್ಪು ಫೋನ್ ನಂಬರ್ ಅಥವಾ ಸೋಮವಾರ ರಜೆ ಎಂದು ತೋರಿಸದ ವೇಳಾಪಟ್ಟಿ. ನಲವತ್ತು ನಿಮಿಷ ಮುಗಿದರೆ ಚೀಲ ಎತ್ತಿಕೊಂಡು ಹೊರಡುತ್ತೇನೆ, ಚಹಾ ಬರುವುದರೊಳಗೆ. ಚಹಾ ಕುಡಿಯುತ್ತಾ ಕೂತರೆ ಇನ್ನೊಂದು ಕೆಲಸ ಹೇಳುತ್ತಾರೆ, ನನಗೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ನನ್ನ ಸ್ವಭಾವ ನನಗೆ ಗೊತ್ತು.

ಹೀಗೆ ಹೋದ ಮೊದಲ ಹನ್ನೆರಡು ಅಂಗಡಿಗಳಲ್ಲಿ ನಾಲ್ವರು ದುಡ್ಡು ಕೊಟ್ಟು ಕೆಲಸ ಮಾಡಿಸಿಕೊಂಡರು. ಐವರು ನೋಡೋಣ ಎಂದರು, ಈಗಲೂ ನೋಡುತ್ತಲೇ ಇದ್ದಾರೆ. ಇಬ್ಬರು ರೇಟು ಕೇಳಿದ ತಕ್ಷಣ ಬೇಡ ಎಂದರು, ನನ್ನ ನಲವತ್ತು ನಿಮಿಷವೂ ಉಳಿಯಿತು. ಒಬ್ಬರು ಮಾತ್ರ ನಾನು ಬರೆದುಕೊಟ್ಟ ಹಾಳೆಯನ್ನು ಇಂಜಿನಿಯರಿಂಗ್ ಓದುವ ಅಣ್ಣನ ಮಗನಿಗೆ ಕೊಟ್ಟು ಮೂರನ್ನೂ ಸರಿಮಾಡಿಸಿಕೊಂಡರು. ಎರಡು ದಿನ ಹೊಟ್ಟೆ ಉರಿಯಿತು. ಹಾಳೆಯಲ್ಲಿ ಇನ್ನು ಮೇಲೆ ಅರ್ಧವನ್ನಷ್ಟೇ ಬರೆಯಬೇಕೆಂದು ಹೊರಟಿದ್ದೆ. ಹೆಂಡತಿ ಹೇಳಿದಳು: "ಹಿಡಿಯಷ್ಟು ಕೊಸರಿನಲ್ಲೂ ಹುಳುಕಿದ್ದು ಹಾಕಿದರೆ ಯಾರು ಬರ್ತಾರೆ?" ಹಾಳೆಯನ್ನು ಇದ್ದ ಹಾಗೇ ಬಿಟ್ಟೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕರ್ನಾಟಕ ಸಂಗೀತ ಹೇಳಿಕೊಡುವ ಅಕ್ಕ ಒಬ್ಬರಿದ್ದಾರೆ, ಮೈಸೂರಿನವರು. ಅವರದು ಬೇರೆ ಥರದ ಪಾಡು. ಶನಿವಾರ ಸಂಜೆ ಹೊಸ ಮಕ್ಕಳಿಗೆ ಒಂದು ಫ್ರೀ ಡೆಮೊ ತರಗತಿ ಇಡುತ್ತಿದ್ದರು. ಏರಿಯಾದಲ್ಲಿ ಚೆಸ್, ಕರಾಟೆ, ಕೀಬೋರ್ಡ್ ಎಲ್ಲಕ್ಕೂ ಫ್ರೀ ಡೆಮೊ ಇರುವುದರಿಂದ ಕೆಲವು ಅಪ್ಪ ಅಮ್ಮಂದಿರು ಮಕ್ಕಳ ಶನಿವಾರವನ್ನು ಡೆಮೊಗಳಲ್ಲೇ ಕಳೆಯುತ್ತಿದ್ದರು! ಅಕ್ಕ ಈಗ ಪ್ರತ್ಯೇಕ ಡೆಮೊ ನಿಲ್ಲಿಸಿದ್ದಾರೆ. ಬರುವ ಮಗು ನಡೆಯುತ್ತಿರುವ ತರಗತಿಯಲ್ಲೇ, ಸರಳೆ ವರಸೆ ಹಾಡುವ ಹತ್ತು ಮಕ್ಕಳ ನಡುವೆ ಕೂರಬೇಕು. ಅವರಿಗೆ ಹೆಚ್ಚಿನ ಒಂದು ಗಂಟೆ ಖರ್ಚಿಲ್ಲ, ಮಗುವಿಗೂ ನಿಜವಾದ ಪಾಠ ಹೇಗಿರುತ್ತದೆಂದು ಗೊತ್ತಾಗುತ್ತದೆ. ಸೇರುವವರ ಸಂಖ್ಯೆ ಕಡಿಮೆಯಾಗಿಲ್ಲ ಅನ್ನುತ್ತಾರೆ, ಆಮೇಲೆ ಬಿಡುವವರು ಕಡಿಮೆಯಾಗಿದ್ದಾರೆ.

ಇನ್ನು "ನಮ್ಮವರು" ಎಂಬ ವಿಷಯ. ಹೊರನಾಡಿನಲ್ಲಿ ಇದನ್ನು ಬರೆಯುವುದು ಸ್ವಲ್ಪ ಕಷ್ಟ. ಕನ್ನಡದವ ಎಂಬ ಕಾರಣಕ್ಕೆ ನನಗೆ ಮೊದಲ ಬಾಗಿಲುಗಳು ತೆರೆದವು, ಅದು ಸುಳ್ಳಲ್ಲ. ಕನ್ನಡದವ ಎಂಬ ಕಾರಣಕ್ಕೇ "ನಮ್ಮವರೇ ಅಲ್ವಾ, ಮಾಡಿಕೊಡಿ" ಎಂದು ಬಿಟ್ಟಿ ಕೇಳಿದವರೂ ಹೆಚ್ಚು. ಒಂಬತ್ತು ಸಾಲುಗಳಲ್ಲಿ ನಾಲ್ಕು ನಮ್ಮವರದೇ. ರಾಜ್ಯೋತ್ಸವದ ಪೋಸ್ಟರ್, ನೋಂದಣಿ ಫಾರಂ, ಇವನ್ನು ನಾನು ಈಗಲೂ ದುಡ್ಡಿಲ್ಲದೆ ಮಾಡುತ್ತೇನೆ. ಅದು ಸೇವೆ, ಅದರಿಂದ ಗಿರಾಕಿ ಹುಟ್ಟಲಿ ಎಂಬ ಆಸೆ ಇಟ್ಟುಕೊಂಡಿಲ್ಲ. ವ್ಯಾಪಾರದವರು ಕೇಳಿದಾಗ ಮಾತ್ರ ಬಿಲ್ ಬರೆಯುತ್ತೇನೆ. ರಿಯಾಯಿತಿ ಕೊಡುವುದಿದ್ದರೂ ಪೂರ್ತಿ ಮೊತ್ತ ಮೇಲೆ, ಕಳೆದದ್ದು ಕೆಳಗೆ. ಒಮ್ಮೆ ಹಳೇ ಸ್ನೇಹಿತನೊಬ್ಬನಿಗೆ 6,000 ಬರೆದು, 6,000 ರಿಯಾಯಿತಿ ಹಾಕಿ, ಕೊನೆಗೆ ಸೊನ್ನೆ ಬರೆದ ಬಿಲ್ ಕಳಿಸಿದೆ. ಅವನು ಫೋನ್ ಮಾಡಿ ಬೈದ. ಮುಂದಿನ ತಿಂಗಳ ಕೆಲಸಕ್ಕೆ ತಾನಾಗಿಯೇ ದುಡ್ಡು ಹಾಕಿದ.

ಇಷ್ಟೆಲ್ಲ ಆಗಿ ನಾನೇನೂ ಗೆದ್ದು ಕೂತಿಲ್ಲ. ಹಳೇ ಸಂಬಳದ ಅರ್ಧ ತಲುಪಿದ್ದೇನೆ, ಉಳಿದದ್ದಕ್ಕೆ ವಾರಕ್ಕೆರಡು ದಿನ ಒಂದು ಕಂಪನಿಗೆ ಕಾಂಟ್ರಾಕ್ಟ್ ಕೆಲಸ ಮಾಡುತ್ತೇನೆ. ಐದನೇ ತಾರೀಖಿನ ಕಂತು ತಪ್ಪಿಲ್ಲ. ಹೆಂಡತಿ ತನ್ನ ಶಾಲೆಯ ಸಂಬಳದಿಂದ ಎರಡು ಸಲ ತುಂಬಿದ್ದಳು, ಅದನ್ನು ಎಕ್ಸೆಲ್‌ನಲ್ಲಿ ಬೇರೆ ಸಾಲಾಗಿ ಇಟ್ಟಿದ್ದೇನೆ.

2024ರ ದೀಪಾವಳಿಗೆ ಮುಂಚೆ ಮತ್ತೆ ಆ ಬಟ್ಟೆ ಅಂಗಡಿಯಿಂದ ಫೋನ್ ಬಂತು. ಪ್ರಿಂಟರ್. ಇಡೀ ವರ್ಷ ಅವರೂ ಕರೆದಿರಲಿಲ್ಲ, ನಾನೂ ಹೋಗಿರಲಿಲ್ಲ. ಬರುವುದಕ್ಕೆ 500 ಆಗುತ್ತದೆ ಅಂದೆ. ಆ ಕಡೆ ಸದ್ದಿಲ್ಲ. ಗಿರಾಕಿಗಳ ಗಲಾಟೆ ಮಾತ್ರ ಕೇಳುತ್ತಿತ್ತು. ಫೋನ್ ಇಟ್ಟುಬಿಟ್ಟರೇನೋ ಎಂದುಕೊಳ್ಳುವಷ್ಟರಲ್ಲಿ, "ಯಾ, ಯಾ," ಬನ್ನಿ ಬನ್ನಿ ಅಂದರು.

ಹತ್ತು ನಿಮಿಷದ ಕೆಲಸ. 500ರ ಒಂದು ನೋಟು ಕೊಟ್ಟರು. ನಾನು ಮೆಟ್ಟಿಲು ಇಳಿಯುವಾಗ ಕೂಗಿ ನಿಲ್ಲಿಸಿ, ಕಪಾಟಿನಿಂದ ಒಂದು ಟವೆಲ್ ತೆಗೆದು ನನ್ನ ಚೀಲಕ್ಕೆ ತುರುಕಿದರು. ಇರಲಿ ಇಟ್ಟುಕೊಳ್ಳಿ ಅಂದರು. ನೀಲಿ ಅಂಚಿನ ಟವೆಲ್. ಮನೆಗೆ ಬಂದು ಚೀಟಿ ನೋಡಿದೆ. ಐಟಂ ನಂಬರ್ 1127. ನಾನೇ ಟೈಪ್ ಮಾಡಿದ್ದು.